ನಿಯಂತ್ರಣ ವ್ಯವಸ್ಥೆಯ ವಿಶ್ವಾಸಾರ್ಹತೆ: ನಿಮ್ಮ ಒಂದು ಸಾಲಿನ ಉತ್ತರದ ಬಗ್ಗೆ ದೂರು

ಗೆ,
ಯೋಜನಾ ವ್ಯವಸ್ಥಾಪಕರು,
ನಿಯಂತ್ರಣ ವ್ಯವಸ್ಥೆ ಸರಬರಾಜು ವಿಭಾಗ

ವಿಷಯ: ಬಾಯ್ಲರ್ ಪಿಎಲ್‌ಸಿಯ (ಬಾಯ್ಲರನ್ನು ನಡೆಸುವ ನಿಯಂತ್ರಣ ಕಂಪ್ಯೂಟರ್) ತಾಂತ್ರಿಕ ದಾಖಲೆಯಲ್ಲಿ ವಿಶ್ವಾಸಾರ್ಹತೆಯ ಷರತ್ತುಗಳನ್ನು ಕೈಬಿಟ್ಟಿರುವುದು

ಮಾನ್ಯರೇ,

ವಿಶ್ವಾಸಾರ್ಹತೆಯ ಬಗ್ಗೆ ನಾವು ಕೇಳಿದ್ದು ಎರಡು ಪುಟ. ನಿಮ್ಮಿಂದ ಬಂದದ್ದು ಒಂದೇ ಸಾಲು: ‘ಲಭ್ಯತೆ 99.99%, ಎಂಟಿಬಿಎಫ್ 2,00,000 ಗಂಟೆ, ಎಸ್‌ಐಎಲ್ 2’ (ಲಭ್ಯತೆ ಎಂದರೆ ವ್ಯವಸ್ಥೆ ಓಡುತ್ತಿರುವ ಕಾಲದ ಪಾಲು, ಎಂಟಿಬಿಎಫ್ ಎಂದರೆ ಎರಡು ವಿಫಲತೆಗಳ ನಡುವಿನ ಸರಾಸರಿ ಸಮಯ, ಎಸ್‌ಐಎಲ್ ಎಂದರೆ ಸುರಕ್ಷತೆಯ ಮಟ್ಟ). ಇದನ್ನು ನಂಬಿ ಪ್ಯಾನೆಲ್ ತಯಾರಿಕೆಗೆ ಒಪ್ಪಿಗೆ ಕೊಡಲು ಸಾಧ್ಯವಿಲ್ಲ.

ಆ 2,00,000 ಗಂಟೆ ಒಂದು ಮಾಡ್ಯೂಲಿನದೋ, ಇಡೀ ವ್ಯವಸ್ಥೆಯದೋ? ನಿಮ್ಮ ಪಟ್ಟಿಯಲ್ಲಿ ಜೋಡಿಯಿಲ್ಲದ, ಯಾವುದು ಕೆಟ್ಟರೂ ಬಾಯ್ಲರ್ ನಿಲ್ಲುವಂಥ 40 ಮಾಡ್ಯೂಲ್‌ಗಳಿವೆ. ಒಂದೊಂದಕ್ಕೂ 2 ಲಕ್ಷ ಗಂಟೆ ಎಂದು ಹಿಡಿದರೂ ಒಟ್ಟು ವ್ಯವಸ್ಥೆಗೆ ಸಿಗುವುದು 5,000 ಗಂಟೆ, ಅಂದರೆ ಸರಾಸರಿ ಏಳು ತಿಂಗಳಿಗೊಂದು ನಿಲುಗಡೆ. ಎಂಟು ಗಂಟೆಯಲ್ಲಿ ಸರಿಪಡಿಸಿದರೆ ಲಭ್ಯತೆ 99.84%, ವರ್ಷಕ್ಕೆ ಸುಮಾರು 14 ಗಂಟೆ ನಷ್ಟ. ನೀವು ಬರೆದಿರುವ 99.99%ಗೆ ವರ್ಷವಿಡೀ ನಿಲುಗಡೆಗೆ ಸಿಗುವುದು ಬರೀ 53 ನಿಮಿಷ. ನಿಮ್ಮದೇ ಸೇವಾ ಷರತ್ತು ಬದಲಿ ಮಾಡ್ಯೂಲಿಗೆ 48 ಗಂಟೆ ಕೇಳುತ್ತದೆ. ಆ ಲೆಕ್ಕದಲ್ಲಿ ನಷ್ಟ ವರ್ಷಕ್ಕೆ 83 ಗಂಟೆ. ದುರಸ್ತಿ ಸಮಯ ಹೇಳದೆ ಲಭ್ಯತೆ ಹೇಳುವುದು ಹೇಗೆ?

ಯಾವ ಉಷ್ಣಾಂಶಕ್ಕೆ ಈ ಅಂಕಿ ಎಂಬುದೂ ಇಲ್ಲ. ಬಾಯ್ಲರ್ ಪಕ್ಕದ ಪ್ಯಾನೆಲ್ ಒಳಗೆ 45 ಡಿಗ್ರಿ ಇರುವುದು ಮಾಮೂಲು. ಪವರ್ ಸಪ್ಲೈಯ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳ ಆಯಸ್ಸು ಹತ್ತು ಡಿಗ್ರಿ ಏರಿದಂತೆ ಸುಮಾರು ಅರ್ಧವಾಗುತ್ತದೆ. 25 ಡಿಗ್ರಿಯ ಲೆಕ್ಕ ಅಲ್ಲಿ ಕಾಲು ಭಾಗಕ್ಕೆ ಇಳಿಯುತ್ತದೆ. ವಿಫಲತೆಯ ಲೆಕ್ಕ ಹಾಕುವ ಕೈಪಿಡಿಗಳಲ್ಲಿ ಎಂಐಎಲ್ ಹ್ಯಾಂಡ್‌ಬುಕ್ 217 ಬಳಸಿದ್ದೀರೋ, ಎಸ್‌ಎನ್ 29500 ಬಳಸಿದ್ದೀರೋ ಅದನ್ನೂ ಬರೆಯಿರಿ. ಒಂದೇ ಬೋರ್ಡಿಗೆ ಎರಡರಲ್ಲೂ ಬೇರೆ ಬೇರೆ ಉತ್ತರ ಬರುತ್ತದೆ.

ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿರುವುದು ನಿಮ್ಮ ವೈರಿಂಗ್ ನಕ್ಷೆ. ಎರಡು ಸಿಪಿಯು, ಎರಡು ಪವರ್ ಸಪ್ಲೈ ಇವೆ, ಸರಿ. ಆದರೆ ಎರಡೂ ಪವರ್ ಸಪ್ಲೈಗಳ ಫೇಸ್ ವೈರ್‌ಗಳು ಹೋಗಿ ಸೇರುವುದು ಒಂದೇ 6 ಆಂಪಿಯರ್ ಎಂಸಿಬಿಯ (ಕರೆಂಟ್ ಮಿತಿ ಮೀರಿದರೆ ತಾನೇ ಕಡಿತಗೊಳಿಸುವ ಸ್ವಿಚ್) ಕೆಳಗಿನ ಟರ್ಮಿನಲ್‌ಗೆ. ಆ ಎಂಸಿಬಿ ಬಿದ್ದರೆ, ಅಥವಾ ಒಂದೇ ಸ್ಕ್ರೂ ಸಡಿಲವಾದರೆ, ಜೋಡಿಯ ಎರಡೂ ಒಟ್ಟಿಗೇ ಸಾಯುತ್ತವೆ. ಒಂದಕ್ಕೆ ಯುಪಿಎಸ್, ಇನ್ನೊಂದಕ್ಕೆ ಬೇರೆ ಫೀಡರ್, ಬೇರೆ ಬೇರೆ ಎಂಸಿಬಿ ಎಂದು ನಾವು ಸ್ಪಷ್ಟವಾಗಿ ಬರೆದಿದ್ದೆವು. ಇನ್ನು, ಸ್ಟ್ಯಾಂಡ್‌ಬೈ ಸಿಪಿಯು ಕೆಟ್ಟರೆ ಆಪರೇಟರಿಗೆ ಅಲಾರಂ ಬರುವ ದಾರಿಯೇ ನಕ್ಷೆಯಲ್ಲಿಲ್ಲ. ತಿಂಗಳುಗಟ್ಟಲೆ ಸತ್ತು ಕುಳಿತ ಸ್ಟ್ಯಾಂಡ್‌ಬೈ ಗೊತ್ತಾಗುವುದು ಮೊದಲನೆಯದು ಕೈಕೊಟ್ಟ ದಿನವೇ.

ಎಸ್‌ಐಎಲ್ 2 ಎಂಬುದು ಪಿಎಲ್‌ಸಿಯ ಪ್ರಮಾಣಪತ್ರದಿಂದಷ್ಟೇ ಬರುವುದಲ್ಲ. ಒತ್ತಡದ ಟ್ರಾನ್ಸ್‌ಮಿಟರ್, ಲಾಜಿಕ್, ಇಂಧನ ಮುಚ್ಚುವ ವಾಲ್ವ್ ಮೂರೂ ಸೇರಿ, ಬೇಕಾದ ಗಳಿಗೆಯಲ್ಲಿ ಕೆಲಸ ಮಾಡದಿರುವ ಸರಾಸರಿ ಸಂಭವ 0.01ಕ್ಕಿಂತ ಕಡಿಮೆ ಇರಬೇಕು. ಹೊರಗೆ ಕಾಣದ ಅಪಾಯಕಾರಿ ದೋಷ ವಾಲ್ವಿನಲ್ಲಿ 10 ಲಕ್ಷ ಗಂಟೆಗೊಂದು ಎಂದುಕೊಳ್ಳಿ. ವರ್ಷಕ್ಕೊಮ್ಮೆ ಪೂರ್ತಿ ಮುಚ್ಚಿ ಪರೀಕ್ಷಿಸಿದರೆ ವಾಲ್ವಿನದೊಂದೇ 0.0044, ಮೂರು ವರ್ಷಕ್ಕೊಮ್ಮೆಯಾದರೆ 0.013, ಅಲ್ಲಿಗೆ ಎಸ್‌ಐಎಲ್ 1ಕ್ಕೆ ಇಳಿದ ಹಾಗೆ. ಪರೀಕ್ಷೆಯ ಅವಧಿ ನಿಮ್ಮ ದಾಖಲೆಯಲ್ಲಿ ಎಲ್ಲೂ ಇಲ್ಲ.

ಆದ್ದರಿಂದ ದಾಖಲೆಯನ್ನು ತಿದ್ದಿ ಕಳಿಸಿ. ಯಾವುದನ್ನು ವಿಫಲತೆ ಎಂದು ಎಣಿಸುತ್ತೀರಿ ಎಂಬುದು ಮೊದಲು ಬರಲಿ: ಸಿಪಿಯು ನಿಂತರೆ ಮಾತ್ರವೋ, ಪರದೆ ಸ್ತಬ್ಧವಾಗಿ ಅಲಾರಂ ಕಾಣದಿದ್ದರೂ ಸೇರುತ್ತದೋ? ವಾಚ್‌ಡಾಗ್ (ಸಿಪಿಯು ಸ್ಪಂದಿಸುತ್ತಿದೆಯೇ ಎಂದು ಕಾಯುವ ಟೈಮರ್) ಸಂಪರ್ಕ ಕಡಿದಾಗ ಪ್ರತಿ ಔಟ್‌ಪುಟ್ ಯಾವ ಸ್ಥಿತಿಗೆ ಹೋಗಬೇಕು ಎಂಬ ಪಟ್ಟಿಯೂ ಬೇಕು. ಇಂಧನ ವಾಲ್ವ್ ಕೊನೆಯ ಸ್ಥಿತಿಯಲ್ಲೇ ಉಳಿಯುವುದನ್ನು ನಾವು ಒಪ್ಪುವುದಿಲ್ಲ. ಕಾರ್ಖಾನೆಯ ಪರೀಕ್ಷೆಯಲ್ಲಿ ಓಡುತ್ತಿರುವ ಸಿಪಿಯುವನ್ನು, ಆಮೇಲೆ ಒಂದೊಂದೇ ಪವರ್ ಸಪ್ಲೈಯನ್ನು, ನೆಟ್‌ವರ್ಕ್ ಕೇಬಲನ್ನು ನಮ್ಮೆದುರೇ ಕಿತ್ತು, ಔಟ್‌ಪುಟ್ ಅಲುಗಾಡಿತೇ ಎಂದು ರೆಕಾರ್ಡರಿನಲ್ಲಿ ತೋರಿಸಬೇಕು.

ತಿದ್ದಿದ ದಾಖಲೆ ಕೈಸೇರುವ ತನಕ ಪ್ಯಾನೆಲ್ ನಕ್ಷೆಗೆ ನಮ್ಮ ಸಹಿ ಬೀಳುವುದಿಲ್ಲ. ತಯಾರಿಕೆ ಶುರುಮಾಡಿದರೆ ಅದರ ಹೊಣೆ ನಿಮ್ಮದೇ.

ಇಂತಿ ತಮ್ಮ ವಿಶ್ವಾಸಿಗಳು,
ಉಪಕರಣ ಮತ್ತು ನಿಯಂತ್ರಣ ವಿಭಾಗ