ಟಿಕೆಟ್ ಸಿಕ್ಕಿತ್ತು ಕಣೋ

ಕೊಲಂಬಸ್, ಒಹಾಯೊ
ಡಿಸೆಂಬರ್ 28, 2024

ಲೋ ಮಂಜ,

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಹೌದು, ಆ ಫೋಟೋದಲ್ಲಿ ಕೆಂಪು ಟೋಪಿ ಹಾಕಿಕೊಂಡು ಗಂಟಲು ಹರಿಯೋ ಹಾಗೆ ಕೂಗುತ್ತಿರುವುದು ನಾನೇ. ಪಕ್ಕದಲ್ಲಿರುವುದು ಪುಟ್ಟಿ. ಹಿಂದೆ ಕಾಣುವ ಜನ ಒಂದು ಲಕ್ಷಕ್ಕಿಂತ ಜಾಸ್ತಿ. ಉಳಿದದ್ದನ್ನು ಎರಡು ಮೆಸೇಜಿನಲ್ಲಿ ಹೇಳೋಕಾಗಲ್ಲ, ಅದಕ್ಕೇ ಈ ಪತ್ರ. ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಹಾಕುತ್ತಿದ್ದೇನೆ. ನಮ್ಮ ಹೈಸ್ಕೂಲ್ ಗುಂಪಿನವರು ಹೇಗೂ ಓದುತ್ತಾರೆ. ಓದಿ, ಆದರೆ ಹಳದಿ ಕೊಡೆ ವಿಷಯ ಮಾತ್ರ ಯಾರೂ ಎತ್ತಬೇಡಿ.

ಈ ಊರಿಗೆ ಬಂದು 22 ವರ್ಷವಾಯಿತು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಶನಿವಾರ ಬಂತೆಂದರೆ ಇಡೀ ಊರು ಕೆಂಪು ಅಂಗಿ ಹಾಕಿಕೊಂಡು ಅಮೆರಿಕನ್ ಫುಟ್‌ಬಾಲ್ ನೋಡೋಕೆ ಒಹಾಯೊ ಸ್ಟೇಟ್ ಕಾಲೇಜಿನ ಕಡೆ ಹೊರಡುತ್ತದೆ. ಅಂಗಡಿಗಳೆಲ್ಲ ಖಾಲಿ. ನಮ್ಮವರು ಬಹಳ ಜನ ಆ ಹೊತ್ತು ನೋಡಿಕೊಂಡೇ ದಿನಸಿ ತರುತ್ತಾರೆ, ದೇವಸ್ಥಾನಕ್ಕೆ ಹೋಗುತ್ತಾರೆ. ನಾನೂ ಅಷ್ಟೇ. ಆಟದ ದಿನ ಅಂದರೆ ನನಗೆ ಕ್ಯೂ ಇಲ್ಲದ ದಿನ. 22 ವರ್ಷದಲ್ಲಿ ಒಂದು ಸಲವೂ ಆ ಸ್ಟೇಡಿಯಂ ಒಳಗೆ ಕಾಲಿಟ್ಟಿರಲಿಲ್ಲ. ಈಗ ಪುಟ್ಟಿ ಅದೇ ಕಾಲೇಜಿನಲ್ಲಿ ಎರಡನೇ ವರ್ಷ. ಪರೀಕ್ಷೆ ಮುಗಿದು ಅವಳ ಗೆಳತಿಯರೆಲ್ಲ ಊರಿಗೆ ಹೋಗಿದ್ದರು. ಅಡುಗೆಮನೆಗೆ ಬಂದು, "ಅಪ್ಪಾ, ಒಂದೇ ಒಂದ್ಸಲ ನನ್ ಜೊತೆ ಬಾ" ಅಂದಳು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ಇದು ಎಂಥ ಆಟ ಅಂತ ನಿನಗೆ ಸ್ವಲ್ಪ ಹೇಳಬೇಕು. ನಮ್ಮ ರಣಜಿಯಲ್ಲಿ ರಾಜ್ಯಗಳು ಆಡಿದ ಹಾಗೆ ಇಲ್ಲಿ ಕಾಲೇಜುಗಳು ಆಡುತ್ತವೆ ಅಂದುಕೋ. ಹೋದ ವರ್ಷದವರೆಗೆ ಪ್ಲೇಆಫ್‌ಗೆ ನಾಲ್ಕೇ ತಂಡ. ಈ ವರ್ಷದಿಂದ 12. 13 ಜನರ ಸಮಿತಿ ಕೂತು ಆರಿಸುತ್ತದೆ. ಮೊದಲ ನಾಲ್ಕು ತಂಡಗಳಿಗೆ ನೇರ ಎರಡನೇ ಸುತ್ತು. 5ರಿಂದ 8ರವರೆಗಿನ ತಂಡಗಳು ಮೊದಲ ಸುತ್ತನ್ನು ತಮ್ಮ ಮೈದಾನದಲ್ಲೇ ಆಡುತ್ತವೆ. ಪ್ಲೇಆಫ್ ಪಂದ್ಯ ಕಾಲೇಜಿನ ಅಂಗಳಕ್ಕೆ ಬಂದಿದ್ದು ಇದೇ ಮೊದಲು. ನಮ್ಮವರು ಎಂಟನೆಯವರು, ಎದುರಾಳಿ ಒಂಬತ್ತನೆಯ ಟೆನೆಸಿ. ಡಿಸೆಂಬರ್ 8ರ ಭಾನುವಾರ ಇದು ಗೊತ್ತಾಯಿತು. ಆಟ 21ರ ಶನಿವಾರ ರಾತ್ರಿ ಎಂಟಕ್ಕೆ. ಮಧ್ಯೆ ಇದ್ದದ್ದು 13 ದಿನ. ಮೊದಲೇ ಗೊತ್ತಿಲ್ಲದ ಮದುವೆಗೆ 13 ದಿನದಲ್ಲಿ ಛತ್ರ ಹುಡುಕಿದ ಹಾಗೆ ಎಲ್ಲರೂ ಟಿಕೆಟ್ ಹುಡುಕಬೇಕು.

ಆದರೆ ಟಿಕೆಟ್ ಮಾರುವವರೂ ಬೇಕಾದಷ್ಟು ಇದ್ದರು. ನವೆಂಬರ್ 30ರಂದು ಮಿಶಿಗನ್ ಎದುರು ನಮ್ಮ ಮೈದಾನದಲ್ಲೇ 13-10ಕ್ಕೆ ಸೋತಿದ್ದೆವು. ಆ ಹಗೆತನ ಎಷ್ಟು ಅಂದರೆ, ಆ ವಾರ ಕಾಲೇಜಿನ ಬೋರ್ಡುಗಳಲ್ಲಿ 'ಎಂ' ಅಕ್ಷರ ಎಲ್ಲಿದ್ದರೂ ಕೆಂಪು ಟೇಪಿನಿಂದ ಅಡ್ಡಗೀಟು ಎಳೆದಿರುತ್ತಾರೆ. ನಿನ್ನ ಹೆಸರಿಗೂ ಅದೇ ಗತಿ ಮಂಜ. ಸೋತ ಸಿಟ್ಟಿಗೆ ಕೆಲವರು ಮಾರಿದರು. ಹುಡುಗರು ರಜೆಗೆ ಹೊರಟು ಮಾರಿದರು. ಟೆನೆಸಿಯವರ ನಾಕ್ಸ್‌ವಿಲ್ ಇಲ್ಲಿಂದ ಐದಾರು ಗಂಟೆ ಡ್ರೈವ್. ಅವರ ಕಾಲೇಜಿಗೆ ಎಂದು ಇಟ್ಟಿದ್ದು 3,500 ಟಿಕೆಟ್. ಅಂದು ರಾತ್ರಿ ನೋಡಿದರೆ ಕೆಂಪಿನ ಮಧ್ಯೆ ಎಲ್ಲಿ ನೋಡಿದರೂ ಕಿತ್ತಳೆ ಬಣ್ಣ. ಎಲ್ಲ ಹೀಗೆ ಕೈ ಬದಲಾಯಿಸಿ ಹೋದ ಸೀಟುಗಳೇ.

ನಾನು ಕೊಂಡಿದ್ದೂ ಅಂಥದ್ದೇ ಎರಡು. ಕುಕ್ಕರಿನ ಮೂರನೇ ಕೂಗಿಗೂ ನಾಲ್ಕನೇ ಕೂಗಿಗೂ ನಡುವೆ ಒಲೆಯ ಪಕ್ಕ ನಿಂತು ಫೋನಿನಲ್ಲೇ ಕೊಂಡೆ. ಸೀಟು ಆರಿಸಿದೆ. ಒಂದು ಬೆಲೆ ತೋರಿಸಿತು. ಕೊನೆಯ ಪುಟಕ್ಕೆ ಹೋದಾಗ ಅದೂ ಇದೂ ಶುಲ್ಕ ಸೇರಿ ಬೇರೆಯೇ ಮೊತ್ತ ಬಂತು. ಒಂದು ಕ್ಷಣ ಕೂಡ ಯೋಚಿಸದೆ ಬೆರಳು ಒತ್ತಿದೆ. ಇದನ್ನು ನೆನಪಿಟ್ಟುಕೋ, ಆಮೇಲೆ ಹೇಳುತ್ತೇನೆ.

ಅವತ್ತು ಚಳಿ ಅಂದರೆ ಚಳಿ. ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗೆ. ಈಗ ಕಾಗದದ ಟಿಕೆಟ್ ಇಲ್ಲ, ಎಲ್ಲ ಫೋನಿನಲ್ಲೇ. ಪರದೆ ಮೇಲೆ ಕೋಡ್ ಓಡಾಡುತ್ತಿರುತ್ತದೆ, ಸ್ಕ್ರೀನ್‌ಶಾಟ್ ನಡೆಯಲ್ಲ. ಚಳಿಗೆ ಬ್ಯಾಟರಿ ಇಳಿದುಹೋಗುತ್ತದೆ ಅಂತ ಪುಟ್ಟಿ ಮೊದಲೇ ಎಚ್ಚರಿಸಿದ್ದಳು. ಗೇಟಿನ ಸಾಲಿನಲ್ಲಿ ನೋಡುತ್ತೇನೆ, 60 ಇದ್ದದ್ದು 19ಕ್ಕೆ ಬಂದಿದೆ. ಜಾಕೆಟ್ ಒಳಗೆ ಕೈ ಹಾಕಿ ಫೋನನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತೆ. ಹಸುಗೂಸಿಗೆ ಕಾವು ಕೊಟ್ಟ ಹಾಗೆ. ಸ್ಕ್ಯಾನ್ ಮಾಡುವ ಹುಡುಗಿ ಮುಂದೆ ತೆಗೆದಾಗ 11. ಪೀಂ ಅಂತ ಹಸಿರು ದೀಪ ಬಂತು. ಆಗ ನನಗೆ 96 ನೆನಪಾಯಿತು. ಅಲ್ಲಿಂದ ಶುರುವಾದದ್ದು ಇವತ್ತಿನವರೆಗೆ ಬಿಟ್ಟಿಲ್ಲ.

1996ರ ಮಾರ್ಚ್ 9. ಚಿನ್ನಸ್ವಾಮಿ. ಭಾರತ, ಪಾಕಿಸ್ತಾನ, ವಿಶ್ವಕಪ್ ಕ್ವಾರ್ಟರ್ ಫೈನಲ್. ಸಿಧು 93. ಕೊನೆಗೆ ಜಡೇಜ 25 ಎಸೆತಕ್ಕೆ 45 ಹೊಡೆದಾಗ ನೀನು ನನ್ನ ಅಂಗಿಯ ಜೇಬು ಹರಿದದ್ದು. ಸೊಹೈಲ್ ಬೌಂಡರಿ ಬಾರಿಸಿ ಬ್ಯಾಟು ತೋರಿಸಿ ಕೆಣಕಿದಾಗ, ಮುಂದಿನ ಎಸೆತದಲ್ಲೇ ನಮ್ಮ ವೆಂಕಟೇಶ್ ಪ್ರಸಾದ್ ಸ್ಟಂಪು ಹಾರಿಸಿದ್ದು. 39 ರನ್ನಿನಿಂದ ಗೆದ್ದೆವು. ಅದೆಲ್ಲ ಎಲ್ಲರಿಗೂ ಗೊತ್ತು. ಟಿಕೆಟ್ ಹೇಗೆ ಸಿಕ್ಕಿತು ಅನ್ನೋದು ನಮಗಿಬ್ಬರಿಗೆ ಮಾತ್ರ ಗೊತ್ತು.

ನನಗೆ ಜ್ವರ. ಇಡೀ ರಾತ್ರಿ ಕ್ಯೂನಲ್ಲಿ ನಿಂತವನು ನೀನೊಬ್ಬನೇ. ಬೆಳಗ್ಗೆ ನಿಮ್ಮಮ್ಮ ಶ್ರೀರಾಮಪುರದಿಂದ ಮೊದಲನೇ ಬಿಟಿಎಸ್ ಬಸ್ಸು ಹಿಡಿದು ಬಂದರು. ಕೈಯಲ್ಲಿ ವೈರಿನ ಬುಟ್ಟಿ. ಬಾಳೆ ಎಲೆಯಲ್ಲಿ ಚಿತ್ರಾನ್ನ ಕಟ್ಟಿ, ಅದರ ಮೇಲೆ ಪೇಪರ್ ಸುತ್ತಿ, ದಾರ ಬಿಗಿದಿದ್ದರು. "ನೀನು ಮುಖ ತೊಳ್ಕೊಂಡು ಬಾ ಹೋಗು, ನಾನ್ ನಿಂತಿರ್ತೀನಿ" ಅಂದರು. ನೀನು ಆ ಕಡೆ ಹೋದೆ, ಕೌಂಟರ್ ತೆಗೆದುಬಿಟ್ಟರು. ಅಷ್ಟು ಗಂಡಸರ ನೂಕಾಟದಲ್ಲಿ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಟಿಕೆಟ್ ತಂದದ್ದು ಅವರು. ಕ್ರಿಕೆಟ್ಟಿನ ಒಂದಕ್ಷರ ಗೊತ್ತಿರಲಿಲ್ಲ. ಮಧ್ಯಾಹ್ನ ನನ್ನ ಮನೆಗೆ ಬಂದು, ಬೆವರಿಗೆ ಮೆತ್ತಗಾದ ಟಿಕೆಟನ್ನು ನನ್ನ ದಿಂಬಿನ ಪಕ್ಕ ಇಟ್ಟು, ಹಣೆ ಮುಟ್ಟಿ ನೋಡಿ, "ಶನಿವಾರದೊಳಗೆ ಎದ್ದು ಕೂತ್ಕೋಬೇಕು" ಅಂದರು. ನಾಲ್ಕು ಕೇಳಿದೆ, ಎರಡೇ ಕೊಟ್ಟರು ಅಂತ ಬೇಜಾರು ಬೇರೆ. ಆ ಟಿಕೆಟ್ಟಿನ ಹರಿದ ತುಂಡು ಇನ್ನೂ ನನ್ನ ಹತ್ತಿರ ಇದೆ. ಪಾಸ್‌ಪೋರ್ಟ್ ಇಡುವ ಡಬ್ಬದಲ್ಲಿದೆ.

ಇಲ್ಲಿಯ ಸ್ಟೇಡಿಯಂಗೆ 'ಹಾರ್ಸ್‌ಶೂ' ಅಂತ ಹೆಸರು. ಕುದುರೆ ಲಾಳದ ಆಕಾರ. 1922ರಲ್ಲಿ ಕಟ್ಟಿದ್ದು. ಎರಡೂವರೆ ಚಿನ್ನಸ್ವಾಮಿ ಹಿಡಿಸುತ್ತದೆ. ಕೂರಲು ಉದ್ದನೆಯ ಬೆಂಚು, ತೊಡೆಗೆ ತೊಡೆ ತಾಗಿಸಿ ಕೂರಬೇಕು. ನನ್ನ ಎಡಕ್ಕೆ ಒಬ್ಬ ಅಜ್ಜ. ಕಂಕುಳಲ್ಲಿ ರಟ್ಟಿನ ಡಬ್ಬ ಬಿಚ್ಚಿದ ಹಾಳೆಗಳು. ಒಂದನ್ನು ನನ್ನ ಕಾಲ ಬಳಿ ಹಾಸಿದ, ಇನ್ನೊಂದನ್ನು ಪುಟ್ಟಿಗೆ ಕೊಟ್ಟ. ಸಿಮೆಂಟಿನ ಥಂಡಿ ಬೂಟು ದಾಟಿ ಬರುತ್ತದೆ, ರಟ್ಟಿನ ಮೇಲೆ ನಿಂತರೆ ಬರಲ್ಲ ಅಂದ. ನಿಜ ಕಣೋ, ಎರಡು ನಿಮಿಷದಲ್ಲಿ ಬೆರಳುಗಳಿಗೆ ಜೀವ ಬಂತು. ನಾವು ಚಿತ್ರಾನ್ನ ತಿಂದು, ಆ ಪೇಪರನ್ನೇ ಬಿಸಿಲಿಗೆ ಕಾದ ಮೆಟ್ಟಿಲ ಮೇಲೆ ಹಾಸಿಕೊಂಡು ಕೂತಿದ್ದೆವಲ್ಲ, ಅದು ಕಣ್ಣ ಮುಂದೆ ಬಂತು.

ಈ ಆಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ವಿಷಯ ಹೇಳಲೇಬೇಕು. ಇಲ್ಲಿ ಗಲಾಟೆ ಮಾಡೋದು ಎದುರಾಳಿಯ ಕೈಯಲ್ಲಿ ಚೆಂಡಿದ್ದಾಗ. ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸುವವನು, ಕೂಗಿ ಹೇಳಿದ್ದು ಅವನ ಜೊತೆಯವರಿಗೆ ಕೇಳಿಸಬಾರದು. ನಮ್ಮ ಕೈಗೆ ಚೆಂಡು ಬಂದಾಗ ಇಡೀ ಲಕ್ಷ ಜನ ಮೆತ್ತಗಾಗುತ್ತಾರೆ, ನಮ್ಮ ಹುಡುಗರ ಮಾತು ಅವರವರಿಗೆ ಕೇಳಿಸಲಿ ಅಂತ. ನನಗೆ ಇದು ಗೊತ್ತಿಲ್ಲದೆ ನಮ್ಮ ಸರದಿಯಲ್ಲಿ ಕೂಗಿದೆ. ಪುಟ್ಟಿ ತೋಳು ಹಿಡಿದು, "ಈಗ ಸುಮ್ನಿರಪ್ಪಾ" ಅಂದಳು. ಆ ನಿಶ್ಶಬ್ದದಲ್ಲಿ ಜೆರೆಮಾಯಾ ಸ್ಮಿತ್ ಅನ್ನುವ 19 ವರ್ಷದ ಹುಡುಗ ಓಡಿ ಹೋಗಿ ಚೆಂಡು ಹಿಡಿದ. ಆಮೇಲೆ ಎದ್ದ ಸದ್ದನ್ನು ಬರೆಯೋಕೆ ನನಗೆ ಬರಲ್ಲ. ಮೊದಲ ಕಾಲು ಭಾಗದಲ್ಲೇ 21-0. ಕೊನೆಗೆ 42-17. ಯಾರೋ ಗುರುತಿಲ್ಲದವರು ನಮ್ಮ ಕಡೆ ತಿರುಗಿ 'ಓ-ಎಚ್' ಅಂದರೆ ನಾವು 'ಐ-ಓ' ಅಂದು ಒಹಾಯೊ ಸ್ಪೆಲಿಂಗ್ ಪೂರ್ತಿ ಮಾಡಬೇಕು. ನೂರು ಸಲ ಅಂದಿದ್ದೇನೆ. ಹೀಗೆ ಕೂಗಿ 28 ವರ್ಷವಾಗಿತ್ತು.

ಆಟ ಮುಗಿದ ಮೇಲೆ ಇಲ್ಲಿ ಯಾರೂ ತಕ್ಷಣ ಏಳುವುದಿಲ್ಲ. ಆಟಗಾರರು ಒಂದು ಕಡೆ ಸಾಲಾಗಿ ನಿಲ್ಲುತ್ತಾರೆ. ಎಲ್ಲರೂ ಹೆಗಲ ಮೇಲೆ ಕೈ ಹಾಕಿಕೊಂಡು, ಅತ್ತಿತ್ತ ತೂಗುತ್ತಾ ಕಾಲೇಜಿನ ಹಾಡು ಹಾಡುತ್ತಾರೆ. ಆ ಅಜ್ಜ ನನ್ನ ಹೆಗಲ ಮೇಲೆ ಕೈ ಹಾಕಿದ. ಪುಟ್ಟಿ ಆ ಕಡೆಯಿಂದ. ಹಾಡಿನ ಪದ ನನಗೆ ಬರುತ್ತಿರಲಿಲ್ಲ. ಸುಮ್ನೆ ನಿಂತಿದ್ದೆ. ಕಣ್ಣಲ್ಲಿ ನೀರು ಬಂತು. ಗೆದ್ದ ಖುಷಿಗೆ ಅಂದುಕೊಂಡಳು ಮಗಳು.

ಮಂಜ, ಜುಲೈನಲ್ಲಿ ನೀನು ಫೋನ್ ಮಾಡಿ "ಅಮ್ಮ ಹೋಗ್ಬಿಟ್ರು ಕಣೋ" ಅಂದಾಗ ನಾನು ನಾಳೆ ಹೇಳುತ್ತೇನೆ ಅಂದೆ. ಮರುದಿನ, "ಟಿಕೆಟ್ ಸಿಗಲಿಲ್ಲ" ಅಂತ ಹೇಳಿದೆ. "ಪರವಾಗಿಲ್ಲ ಬಿಡೋ, ಅಷ್ಟು ದೂರ" ಅಂದೆ ನೀನು.

ಸಿಕ್ಕಿತ್ತು ಕಣೋ. ಶಿಕಾಗೊ, ಫ್ರಾಂಕ್‌ಫರ್ಟ್, ಬೆಂಗಳೂರು. ಮರುದಿನ ಸಂಜೆ ಹೊರಡೋದು. ಹೆಸರು, ಪಾಸ್‌ಪೋರ್ಟ್ ನಂಬರ್ ಎಲ್ಲ ತುಂಬಿದ್ದೆ. ಪಾಸ್‌ಪೋರ್ಟ್ ತೆಗೆಯುವಾಗ ಆ ಹಳೇ ತುಂಡು ಕೂಡ ಕೈಗೆ ಬಂದಿತ್ತು. ಕೊನೆಯ ಪುಟದಲ್ಲಿ ಮೊತ್ತ ಬಂತು. ಬೇಸಿಗೆ ರಜೆಯ ಬೆಲೆ. ಅದನ್ನೇ ನೋಡುತ್ತಾ ಕೂತೆ. ಹೇಗೂ ಮುಖ ನೋಡೋಕೆ ಸಿಗಲ್ಲ, ಅಷ್ಟೊತ್ತಿಗೆ ಎಲ್ಲ ಮುಗಿದಿರುತ್ತದೆ, ಡಿಸೆಂಬರ್‌ನಲ್ಲಿ ಹೋದರಾಯಿತು ಅಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದೆ. ವೈಕುಂಠ ಸಮಾರಾಧನೆಗಾದರೂ ಬರಬಹುದಿತ್ತು. ಬರಲಿಲ್ಲ. ಡಿಸೆಂಬರ್ ಬಂತು, ಒಲೆ ಪಕ್ಕ ನಿಂತು ಆಟದ ಟಿಕೆಟ್ ಕೊಂಡೆ. ಹಣ ಹೊಂಚೋದು ಜುಲೈನಲ್ಲೂ ಆಗುತ್ತಿತ್ತು. ನಾಲ್ಕು ಟಿಕೆಟ್ ಕೇಳಿ ಎರಡೇ ಸಿಕ್ಕಿತು ಅಂತ ಬೇಜಾರು ಮಾಡಿಕೊಂಡ ಹೆಂಗಸಿಗೆ, ನಾನು ಒಂದು ಟಿಕೆಟ್ ಸಿಗಲಿಲ್ಲ ಅಂತ ಸುಳ್ಳು ಹೇಳಿದೆ.

ಇಷ್ಟೆಲ್ಲ ಬರೆಯಬೇಕು ಅಂತ ಕೂತವನಲ್ಲ. ಆಟದ ಕತೆ ಹೇಳಿ ಮುಗಿಸೋಣ ಅಂದುಕೊಂಡಿದ್ದೆ. ಬರೆದದ್ದನ್ನು ಅಳಿಸಲ್ಲ. ನೀನು ಬೈದರೆ ಬೈ, ಆದರೆ ಫೋನ್ ಮಾಡಿ ಬೈ. ವರ್ಷದ ತಿಥಿ ಯಾವತ್ತು ಬರುತ್ತೆ ಅಂತ ಪಂಚಾಂಗ ನೋಡಿ ಹೇಳು. ಈಗಲೇ ಬುಕ್ ಮಾಡಬೇಕು. ಪುಟ್ಟಿಯೂ ಬರುತ್ತಾಳಂತೆ. ಕಬ್ಬನ್ ಪಾರ್ಕ್ ಕಡೆ ನೀನು ಕ್ಯೂ ನಿಂತಿದ್ದ ಆ ಗೋಡೆ ನೋಡಬೇಕಂತೆ.

ಇನ್ನು ಮುಂದಿನ ಆಟದ ವಿಷಯ. ಜನವರಿ 1ಕ್ಕೆ ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ ಆರೆಗನ್ ಜೊತೆ. ಅಕ್ಟೋಬರ್‌ನಲ್ಲಿ ಅವರ ಊರಿನಲ್ಲಿ 32-31ಕ್ಕೆ ಸೋತಿದ್ದೆವು, ಒಂದೇ ಒಂದು ಪಾಯಿಂಟ್. ಈ ಸಲ ಟಿವಿಯಲ್ಲೇ ನೋಡೋದು. ನಮಗೆ ಸಂಜೆ ಐದು, ನಿನಗೆ ಮರುದಿನ ಬೆಳಗಿನ ಜಾವ ಮೂರೂವರೆ. ರಾತ್ರಿಯೆಲ್ಲ ಎದ್ದಿರೋದು ನಿನಗೆ ಹೊಸದಲ್ಲ.

ಹೊರಡುವಾಗ ಆ ಅಜ್ಜ ಜೇಬಿನಿಂದ ಒಂದು ಬಕ್‌ಐ ಕಾಯಿ ತೆಗೆದು ನನ್ನ ಅಂಗೈಯಲ್ಲಿಟ್ಟ. ಇಲ್ಲಿಯ ಮರದ್ದು, ತಂಡದ ಹೆಸರೂ ಅದೇ. ಜೇಬಿನಲ್ಲಿದ್ದರೆ ಅದೃಷ್ಟ ಅಂತಾರೆ. ಹುಣಸೆಬೀಜದ ಬಣ್ಣ, ಅದೇ ಮಿಂಚು, ಗಾತ್ರ ಮಾತ್ರ ದೊಡ್ಡದು. ಮೇಲೆ ಜಿಂಕೆ ಕಣ್ಣಿನಂಥ ಒಂದು ಬಿಳಿ ಮಚ್ಚೆ. ಈಗ ಈ ಪತ್ರದ ಪಕ್ಕದಲ್ಲೇ ಇದೆ. ನಿನಗೆ ತರುತ್ತೇನೆ. ಬಾಯಿಗೆ ಹಾಕೋದಲ್ಲ ಅದು, ವಿಷ. ಶೆಟ್ಟರಂಗಡಿ ಕತೆ ಆದಮೇಲೆ ನಿನಗೆ ಇದನ್ನು ಮೊದಲೇ ಹೇಳಿಬಿಡೋದು ಒಳ್ಳೇದು.

ನಿನ್ನ
ಸೀನ