ಗಿರಿಯಿಂದ ಇಳಿಯುವ ಸೈಕಲ್ಲಿಗೆ ತಕ್ಕ ಡಿಸ್ಕ್ ಬೇಕು

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರಿನಿಂದ ಕೈಮರದ ಮೂಲಕ ಮುಳ್ಳಯ್ಯನಗಿರಿಯತ್ತ ಸೈಕಲ್ ತುಳಿಯುವ ಯುವಕರನ್ನು ರಜಾದಿನಗಳಲ್ಲಿ ಕಾಣುತ್ತೇವೆ. ಹತ್ತಲು ಬೇಕಾದ ಗೇರುಗಳನ್ನು ವಿಚಾರಿಸಿ ಕೊಳ್ಳುವ ಇವರು, ಇಳಿಯುವಾಗ ತಮ್ಮನ್ನು ಕಾಯುವ ಡಿಸ್ಕ್ ಬ್ರೇಕಿನ ರೋಟರ್ (ಚಕ್ರದೊಂದಿಗೆ ತಿರುಗುವ ಉಕ್ಕಿನ ಬಿಲ್ಲೆ) ಎಷ್ಟು ವ್ಯಾಸದ್ದೆಂದು ಕೇಳುವುದು ಕಡಿಮೆ.

ಊರೊಳಗಿನ ಓಡಾಟಕ್ಕೆ 160 ಮಿ.ಮೀ. ರೋಟರ್ ಧಾರಾಳವಾಗಿ ಸಾಕು. ಆದರೆ ಸುಮಾರು 1,930 ಮೀಟರ್ ಎತ್ತರದ ಗಿರಿಯಿಂದ, ತಿರುವು ತಿರುವಿಗೂ ಬ್ರೇಕ್ ಹಿಡಿಯುತ್ತ ಇಳಿಯುವಾಗ ವೇಗವೆಲ್ಲ ಶಾಖವಾಗಿ ಆ ತೆಳು ಉಕ್ಕಿನ ಬಿಲ್ಲೆಗೆ ಸೇರುವುದರಿಂದ, ಮೈತೂಕ ಹೆಚ್ಚಿರುವವರು ಮುಂದಿನ ಚಕ್ರಕ್ಕಾದರೂ 180 ಮಿ.ಮೀ. ರೋಟರ್ ಹಾಕಿಸುವುದು ಲೇಸು. ಅದರ ಹಿಡಿತವೂ ಹೆಚ್ಚು, ಬಿಸಿ ಆರುವುದೂ ಬೇಗ. ಹಾಗೆಂದು 203 ಮಿ.ಮೀ. ತಂದು ಕೂರಿಸುವ ಉತ್ಸಾಹ ಎಲ್ಲರಿಗೂ ಸಲ್ಲದು: ಮುಂಚಕ್ರವನ್ನು ಹಿಡಿದಿರುವ ಫೋರ್ಕ್ ತಾಳಬಲ್ಲ ಗರಿಷ್ಠ ಅಳತೆಯನ್ನು ತಯಾರಕರೇ ನಿಗದಿಪಡಿಸಿರುತ್ತಾರೆ. ಅಳತೆ ಬದಲಾದರೆ, ಪ್ಯಾಡುಗಳಿಂದ ರೋಟರನ್ನು ಅದುಮಿ ಹಿಡಿಯುವ ಕ್ಯಾಲಿಪರಿಗೆ ಅಡಾಪ್ಟರ್ ಬೇಕು. ರೋಟರ್ ಕೂರುವ ಚಕ್ರದ ನಡುಭಾಗ, ಅಂದರೆ ಹಬ್, ಆರು ಬೋಲ್ಟಿನದೋ ಒಂದೇ ಬಿಲ್ಲೆಯಿಂದ ಬಿಗಿಯುವ ಸೆಂಟರ್‌ಲಾಕೋ ಎಂಬುದನ್ನೂ ನೋಡಿಕೊಳ್ಳಬೇಕು.

ಅಂಗಡಿಯವರು ಸಾಮಾನ್ಯವಾಗಿ ಹೇಳದ ಸಂಗತಿ ಇನ್ನೊಂದಿದೆ. ಅಗ್ಗದ ಕೆಲವು ರೋಟರುಗಳ ಮೇಲೆ ರೆಸಿನ್ (ರಾಳದ) ಪ್ಯಾಡಿಗೆ ಮಾತ್ರ ಎಂದು ಇಂಗ್ಲಿಷಿನಲ್ಲಿ ಸಣ್ಣದಾಗಿ ಅಚ್ಚಾಗಿರುತ್ತದೆ (ಅದನ್ನು ಓದಲು ಭೂತಗನ್ನಡಿಯೇ ಬೇಕು). ನಮ್ಮ ಮಳೆಗಾಲದ ಕೆಸರಿಗೆ ರೆಸಿನ್ ಬೇಗ ಸವೆಯುತ್ತದೆಂದು ಲೋಹದ ಪ್ಯಾಡ್ ಹಾಕಿಸಿದರೆ, ಅಂಥ ರೋಟರೇ ಸವೆದುಹೋಗುತ್ತದೆ. ಶಿಮಾನೊ ಕಂಪನಿಯ ರೋಟರುಗಳು ಹೊಸದರಲ್ಲಿ ಸಾಮಾನ್ಯವಾಗಿ 1.8 ಮಿ.ಮೀ. ದಪ್ಪವಿದ್ದು, 1.5 ಮಿ.ಮೀ.ಗೆ ಇಳಿದಾಗ ಬದಲಿಸಬೇಕಾಗುತ್ತದೆ.

ಜಿಲ್ಲೆಯ ಸೈಕಲ್ ಮಾರಾಟಗಾರರು ರೋಟರಿನ ಅಳತೆ, ಅದಕ್ಕೆ ಹೊಂದುವ ಪ್ಯಾಡ್ ಮತ್ತು ಕನಿಷ್ಠ ದಪ್ಪವನ್ನು ಬಿಲ್ಲಿನ ಮೇಲೆಯೇ ಕನ್ನಡದಲ್ಲಿ ಬರೆದುಕೊಡಬೇಕೆಂದು ಕೋರುತ್ತೇನೆ.

– ಓರ್ವ ಸೈಕಲ್ ಸವಾರ, ಚಿಕ್ಕಮಗಳೂರು