ಆಟದ ಕಾದಂಬರಿಗಳನ್ನು ಒಂದೇ ಗಂಟಿಗೆ ಕಟ್ಟಬಾರದು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ವಿಜ್ಞಾನ ಕಾದಂಬರಿಗಳ ಕುರಿತ ಲೇಖನವು, ಆಟವನ್ನೇ ಕಥಾವಸ್ತುವಾಗಿಸಿಕೊಂಡ ಕೃತಿಗಳನ್ನೆಲ್ಲ ‘ಕಂಪ್ಯೂಟರ್ ಆಟದ ಕಥೆಗಳು’ ಎಂದು ಒಂದೇ ಗಂಟಿಗೆ ಕಟ್ಟಿದೆ. ಇದು ಸರಿಯಲ್ಲ. 2011ರ ‘ರೆಡಿ ಪ್ಲೇಯರ್ ಒನ್’ ಕಾದಂಬರಿಯಲ್ಲಿ ನಾಯಕನ ದೇಹ ಕೋಣೆಯೊಳಗೇ ಉಳಿದು, ಅವನ ಪ್ರತಿರೂಪ ಮಾತ್ರ ಕಂಪ್ಯೂಟರಿನ ಲೋಕದಲ್ಲಿ ಅಲೆಯುತ್ತದೆ. ಅದಕ್ಕೂ ಮೂವತ್ತು ವರ್ಷ ಮೊದಲು, 1981ರಲ್ಲಿ, ಲ್ಯಾರಿ ನಿವೆನ್ ಮತ್ತು ಸ್ಟೀವನ್ ಬಾರ್ನ್ಸ್ ಸೇರಿ ಬರೆದ ‘ಡ್ರೀಮ್ ಪಾರ್ಕ್’ನಲ್ಲಿ ಆಟಗಾರರು ತಮ್ಮ ಮೈ ಹೊತ್ತುಕೊಂಡೇ ಆಟಕ್ಕೆ ಇಳಿಯುತ್ತಾರೆ. ವಿಶಾಲವಾದ ಉದ್ಯಾನವೊಂದರಲ್ಲಿ ಹೋಲೋಗ್ರಾಮ್‌ಗಳು (ಬೆಳಕಿನಿಂದ ಮೂಡುವ ಮೂರು ಆಯಾಮದ ಚಿತ್ರಗಳು), ಯಂತ್ರಗಳು ಮತ್ತು ಸಂಬಳದ ನಟರು ಕೂಡಿ ಕಟ್ಟಿದ ಕಾಡಿನಲ್ಲಿ ಅವರು ದಿನಗಟ್ಟಲೆ ನಡೆಯುತ್ತಾರೆ, ದಣಿಯುತ್ತಾರೆ, ಪಾತ್ರ ‘ಸತ್ತರೆ’ ಹೊರಗೆ ಬರುತ್ತಾರೆ.

ಈ ವ್ಯತ್ಯಾಸದಿಂದಲೇ ಕಥೆಯ ಬಿಗಿ ಹುಟ್ಟುತ್ತದೆ. ಆಟದ ಮಧ್ಯೆ ಉದ್ಯಾನದ ಕಾವಲುಗಾರನೊಬ್ಬ ನಿಜವಾಗಿಯೇ ಕೊಲೆಯಾಗುತ್ತಾನೆ. ಆಟ ನಿಲ್ಲಿಸಿದರೆ ಅಪಾರ ನಷ್ಟವಾದ್ದರಿಂದ ಭದ್ರತಾ ಮುಖ್ಯಸ್ಥ ಅಲೆಕ್ಸ್ ಗ್ರಿಫಿನ್ ತಾನೂ ವೇಷ ತೊಟ್ಟು ಆಟಗಾರರ ನಡುವೆ ಸೇರಿ, ಆಟದ ನಿಯಮ ಮುರಿಯದೆ ಕೊಲೆಗಾರನನ್ನು ಹುಡುಕಬೇಕಾಗುತ್ತದೆ. ಎದುರಿಗಿರುವವನ ಸಿಟ್ಟು ಪಾತ್ರದ್ದೋ ಮನುಷ್ಯನದ್ದೋ ಎಂಬ ಅನುಮಾನ ಪರದೆಯ ಮುಂದೆ ಕೂತವನಿಗೆ ಇಷ್ಟು ತೀವ್ರವಾಗಿ ಕಾಡಲಾರದು. ಕಾದಂಬರಿಯೇ ಆಟಕ್ಕೆ ದಾರಿ ತೋರಿದ್ದೂ ಉಂಟು: ಅಲ್ಲಿ ಆಟಗಳನ್ನು ನಿಯಂತ್ರಿಸುವ ಕಾಲ್ಪನಿಕ ಸಂಘದ ಹೆಸರನ್ನು ಅಮೆರಿಕದ ಕೊಲರಾಡೊದಲ್ಲಿ ಇಂಥ ಆಟಗಳ ಉತ್ಸಾಹಿಗಳು ತಮ್ಮ ನಿಜವಾದ ಸಂಘಕ್ಕೆ ಇಟ್ಟುಕೊಂಡರು.

ಇಂಥ ವಸ್ತು ‘ನಮ್ಮ ನೆಲಕ್ಕೆ ಪರಕೀಯ’ ಎಂಬ ಆ ಪುರವಣಿ ಲೇಖನದ ಮಾತನ್ನಂತೂ ಶಿರಸಿಯ ಜನರು ಒಪ್ಪುವುದು ಕಷ್ಟ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಯ ಹೊತ್ತಿಗೆ ಇಲ್ಲಿನ ಬೀದಿಗಳಲ್ಲಿ ಬೇಡರ ವೇಷ ಇಳಿಯುತ್ತದೆ. ಬೆನ್ನಿಗೆ ನವಿಲುಗರಿ ಕಟ್ಟಿ, ಕತ್ತಿ ಗುರಾಣಿ ಹಿಡಿದ ಬೇಡ ತಮಟೆಯ ಹೊಡೆತಕ್ಕೆ ಜನರ ಮೇಲೆ ಏರಿ ಬರುವಾಗ, ಅವನ ಸೊಂಟದ ಹಗ್ಗವನ್ನು ಹಿಡಿದು ಜಗ್ಗುವವರು ಇದ್ದಾರೆಂದು ಗೊತ್ತಿದ್ದರೂ ದೊಡ್ಡವರೇ ಚೀರಿ ಓಡುತ್ತಾರೆ. ವೇದಿಕೆಯೂ ಇಲ್ಲ, ಪರದೆಯೂ ಇಲ್ಲ. ನೋಡಲು ಬಂದವನೇ ಆಟದೊಳಗೆ ಸಿಕ್ಕಿಕೊಳ್ಳುತ್ತಾನೆ. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಯೂ ಮಾತನ್ನು ಕೂತಲ್ಲೇ ಹೊಸೆಯುತ್ತಾನೆ, ಆದರೆ ಪ್ರಸಂಗದ ಕೊನೆ ಅವನ ಕೈಯಲ್ಲಿಲ್ಲ. ಕರ್ಣ ಎಷ್ಟು ಚೆನ್ನಾಗಿ ವಾದಿಸಿದರೂ ಯುದ್ಧ ಗೆಲ್ಲುವಂತಿಲ್ಲ. ಗೆಲ್ಲಬಹುದಾದ ಕರ್ಣನನ್ನು ಊಹಿಸಿದರೆ ಅಲ್ಲಿಂದಲೇ ಕನ್ನಡದ ಒಂದು ವಿಜ್ಞಾನ ಕಾದಂಬರಿ ಆರಂಭವಾಗಬಹುದು: ಹಾಡುತ್ತ ಪ್ರಸಂಗ ನಡೆಸುವ ಭಾಗವತನ ಜಾಗದಲ್ಲಿ ಕುಳಿತವನು ಆಟದ ಒಡೆಯನೋ ಸೇವಕನೋ, ಹಗ್ಗ ಹಿಡಿದವನೇ ಕೈಬಿಟ್ಟರೆ ಹೊಣೆ ಯಾರದ್ದು ಎಂಬ ಪ್ರಶ್ನೆಗಳು ತಾವಾಗಿಯೇ ಬರುತ್ತವೆ.

ಆದ್ದರಿಂದ ಪತ್ರಿಕೆಯ ಮುಂದಿನ ಧಾರಾವಾಹಿ ಕಾದಂಬರಿಗೆ ಹಸ್ತಪ್ರತಿ ಆರಿಸುವಾಗ ಇಂಥ ವಸ್ತುವಿಗೆ ಅವಕಾಶ ಕೊಡಬೇಕೆಂದೂ, ವಿಜ್ಞಾನ ಬಲ್ಲವರ ಜೊತೆಗೆ ಯಕ್ಷಗಾನದ ಒಳಗುಟ್ಟು ಬಲ್ಲ ಬರಹಗಾರರನ್ನೂ ಬರೆಯಲು ಕೇಳಬೇಕೆಂದೂ ವಿನಂತಿಸುತ್ತೇನೆ.

ಇತಿ,
ಒಬ್ಬ ಓದುಗ, ಶಿರಸಿ